ಲೆಟ್ ಕೇಳದ ಹುಡುಗ

ನಮ್ಮ ಟೀಮಿನಲ್ಲಿ ಕ್ಯಾಪ್ಟನ್ ಒಬ್ಬನನ್ನು ಬಿಟ್ಟರೆ ಎಲ್ಲರಿಗೂ ನಲವತ್ತೈದು ದಾಟಿದೆ. ಒಬ್ಬರು ಮಕ್ಕಳ ಡಾಕ್ಟ್ರು. ಒಬ್ಬರು ಕನ್ನಡ ಮೀಡಿಯಂ ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು, ರಿಟೈರ್‌ಮೆಂಟ್ ಹತ್ತಿರದಲ್ಲಿದೆ. ಇನ್ನೊಬ್ಬರು ಡೆಂಕಣಿಕೋಟೆ ರಸ್ತೆಯಲ್ಲಿ ಪಾಲಿಹೌಸ್ ಹಾಕಿ ಗುಲಾಬಿ ಬೆಳೆಯುವ ಗೌಡ್ರು. ನಾನು ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಇದ್ದೀನಿ. ಕ್ಯಾಪ್ಟನ್ ಮಾತ್ರ ಸಾಫ್ಟ್‌ವೇರ್ ಹುಡುಗ. ಬೆಂಗಳೂರಿನ ಬಾಡಿಗೆ ಕೊಡಲಾಗದೆ ಗಡಿ ದಾಟಿ ಬಂದವನು.

ನಾವು ಆಡೋದು ಹೊಸೂರಿನ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ. ನಾಲ್ಕು ಗೋಡೆಯೊಳಗೆ ಇಬ್ಬರು ನಿಂತು ಸರದಿಯಂತೆ ಮುಂದಿನ ಗೋಡೆಗೆ ಚೆಂಡು ಹೊಡೆಯುವ ಆಟ ಸ್ಕ್ವಾಷ್. ಅದರ ಕೋರ್ಟ್ ಇರೋದು ಒಂದೇ. ಬಿಲ್ಡರು ಅದನ್ನು ಬ್ರೋಷರಿನಲ್ಲಿ ಫೋಟೋ ಹಾಕೋದಕ್ಕೇ ಕಟ್ಟಿಸಿದ್ದು ಅಂತ ನನಗೆ ಈಗಲೂ ಅನುಮಾನ. ನಾವು ಶುರು ಮಾಡುವ ಮೊದಲು ಒಳಗೆ ಮುರಿದ ಕುರ್ಚಿ, ಗಣೇಶನ ಹಬ್ಬದ ಶಾಮಿಯಾನದ ಕೋಲು ತುಂಬಿದ್ದರು. ಅಸೋಸಿಯೇಷನ್ ಮೀಟಿಂಗಿನಲ್ಲಿ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಜಗಳ ಆಡಿ ಬಿಡಿಸಿಕೊಂಡಿದ್ದೇವೆ. ಹೊಸೂರಿನಲ್ಲಿ ಒಂದೇ ಭಾಷೆಯಲ್ಲಿ ಜಗಳ ಆಡಿದರೆ ಕೆಲಸ ಆಗಲ್ಲ.

ಗಡಿಯ ಆಚೆ ಈಚೆ ಇರುವ ಕೆಲವು ಕ್ಲಬ್‌ಗಳು ಸೇರಿ ಒಂದು ಲೀಗ್ ನಡೆಸುತ್ತವೆ. ಅದರಲ್ಲಿ ಬೆಂಗಳೂರು ಕಡೆಯ ಒಂದು ಯೂನಿವರ್ಸಿಟಿ ಹುಡುಗರ ಟೀಮೂ ಇದೆ. ಎರಡೂ ಕಡೆ ಐದೈದು ಜನ. ಆಡುವ ಶಕ್ತಿಗೆ ತಕ್ಕಂತೆ ಒಂದರಿಂದ ಐದರವರೆಗೆ ಸಾಲು ಹಚ್ಚಬೇಕು. ನಮ್ಮ ಒಂದನೆಯವನು ಅವರ ಒಂದನೆಯವನ ಮೇಲೆ, ಐದನೆಯವನು ಐದನೆಯವನ ಮೇಲೆ. ಐದರಲ್ಲಿ ಮೂರು ಮ್ಯಾಚ್ ಗೆದ್ದವರಿಗೆ ಆ ದಿನ. ಬುದ್ಧಿವಂತಿಕೆ ಮಾಡಿ ಗಟ್ಟಿ ಆಟಗಾರನನ್ನು ಕೆಳಗೆ ಇಳಿಸುವ ಹಾಗಿಲ್ಲ. ಮಾಡಿದರೆ ಮುಂದಿನ ಸಲ ಎಲ್ಲರೂ ಅದನ್ನೇ ಮಾಡ್ತಾರೆ, ಆಮೇಲೆ ಲೀಗ್ ಅಂತ ಏನೂ ಉಳಿಯಲ್ಲ.

ನಾನು ಐದನೆಯವನು. ಅಂದ್ರೆ ಮೊದಲ ಮ್ಯಾಚ್ ನನ್ನದೇ.

ಜನವರಿ ಕೊನೆಯ ಭಾನುವಾರ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಆ ತಿಂಗಳಲ್ಲಿ ಬೆಳಗ್ಗೆ ಸ್ವೆಟರ್ ಇಲ್ಲದೆ ಹೊರಗೆ ಬರೋಕಾಗಲ್ಲ. ಹುಡುಗರು ಮೊದಲ ಮೆಟ್ರೋ ಹಿಡಿದು ಹಳದಿ ಲೈನಿನ ಕೊನೆಯ ನಿಲ್ದಾಣ ಬೊಮ್ಮಸಂದ್ರಕ್ಕೆ ಬಂದು, ಅಲ್ಲಿಂದ ಅತ್ತಿಬೆಲೆ ಮೇಲೆ ಬಸ್ಸಿನಲ್ಲಿ ಬಂದರು. 2025ರ ಆಗಸ್ಟಿನಲ್ಲಿ ಆ ಲೈನ್ ಶುರುವಾಗುವ ಮುಂಚೆ ಇದೇ ಪ್ರಯಾಣಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಅರ್ಧ ಆಯಸ್ಸು ಹೋಗ್ತಿತ್ತು. ನಾಲ್ಕು ಹುಡುಗರು, ಒಬ್ಬಳು ಹುಡುಗಿ. ಎಲ್ಲರ ಬ್ಯಾಗೂ ನಮ್ಮ ಬ್ಯಾಗಿಗಿಂತ ದೊಡ್ಡದು. ಬಂದವರೇ ಕಾರಿಡಾರಿನಲ್ಲಿ ಹಗ್ಗ ಬಿಚ್ಚಿ ಸ್ಕಿಪ್ಪಿಂಗ್ ಶುರು ಮಾಡಿದರು. ನಮ್ಮ ಗೌಡ್ರು ಬೆಂಚಿನ ಮೇಲೆ ಕೂತು ಮಂಡಿಗೆ ಕ್ಯಾಪ್ ಎಳೆದುಕೊಳ್ಳುತ್ತಾ, "ನೋಡೋದಕ್ಕೇ ಸುಸ್ತಾಯ್ತು" ಅಂದರು.

ಚಳಿಯ ವಿಷಯ ಹೇಳಿದ್ದು ಸುಮ್ನೆ ಅಲ್ಲ. ಸ್ಕ್ವಾಷ್ ಚೆಂಡು ಬರೀ 40 ಮಿಲಿಮೀಟರ್ ಅಗಲದ, 24 ಗ್ರಾಂ ತೂಕದ ಟೊಳ್ಳು ರಬ್ಬರ್. ಮ್ಯಾಚಿಗೆ ಬಳಸುವುದು ಎರಡು ಹಳದಿ ಚುಕ್ಕೆಯದು, ತುಂಬಾ ಕಡಿಮೆ ಪುಟಿಯುವುದು ಅದು. ತಣ್ಣಗಿದ್ದಾಗ ನೆಲಕ್ಕೆ ಬಿಟ್ಟರೆ ಅಲ್ಲೇ ಕೂತುಬಿಡುತ್ತದೆ. ಗೋಡೆಗೆ ಹೊಡೆದು ಹೊಡೆದು ಒಳಗಿನ ಗಾಳಿ ಬಿಸಿಯಾದ ಮೇಲೇ ಅದಕ್ಕೆ ಜೀವ ಬರೋದು. 23 ಡಿಗ್ರಿಯಲ್ಲಿ ಪುಟಿಯುವುದಕ್ಕಿಂತ 45 ಡಿಗ್ರಿಯಲ್ಲಿ ಸುಮಾರು ಎರಡರಷ್ಟು ಪುಟಿಯಬೇಕು ಅಂತ ಚೆಂಡಿನ ನಿಯಮದಲ್ಲೇ ಇದೆ. ಆಟಕ್ಕೆ ಮೊದಲು ಇಬ್ಬರೂ ಸೇರಿ ಕೆಲವು ನಿಮಿಷ ಚೆಂಡು ಬಿಸಿ ಮಾಡೋದು ಅದಕ್ಕೇ.

ವಯಸ್ಸಾದವನಿಗೆ ತಣ್ಣನೆ ಚೆಂಡು ವರ. ಹುಡುಗ ಎಷ್ಟು ಜೋರಾಗಿ ಹೊಡೆದರೂ ಅದು ಕೋರ್ಟಿನ ಮಧ್ಯಕ್ಕೆ ಬಂದು ಸಾಯುತ್ತದೆ. ನಾನು ಮುಂದಿನ ಗೋಡೆಗೆ ಮೆಲ್ಲಗೆ ಮುಟ್ಟಿಸಿದರೆ ಸಾಕು, ಎದ್ದು ಬರಲ್ಲ. ಮೇಷ್ಟ್ರು ಬಾಗಿಲಲ್ಲಿ ನಿಂತು ಹೇಳಿದರು, "ಎರಡು ಗೇಮ್ ಬೇಗ ಮುಗಿಸ್ಕೊ. ಆಮೇಲೆ ಚೆಂಡು ಅವನ ಕಡೆ ಸೇರ್ಕೊಳ್ಳುತ್ತೆ."

ಹಾಗೇ ಆಯಿತು. ಮೊದಲ ಗೇಮ್ 11-4, ಎರಡನೆಯದು 11-7, ಎರಡೂ ನನ್ನವು. ಎದುರಿಗಿದ್ದವನು ಎರಡನೇ ವರ್ಷದ ಇಂಜಿನಿಯರಿಂಗ್ ಹುಡುಗ. ತೆಳ್ಳಗೆ, ಉದ್ದಕ್ಕೆ, ಒಂದು ಹೆಜ್ಜೆ ಇಟ್ಟರೆ ಕೋರ್ಟಿನ ಕಾಲುಭಾಗ ದಾಟುವವನು. ಮೂರನೆಯದರಲ್ಲಿ ಚೆಂಡು ಬಿಸಿಯಾಯಿತು. ಮೆಲ್ಲಗೆ ಮುಟ್ಟಿಸುವ ನನ್ನ ಡ್ರಾಪುಗಳೆಲ್ಲ ಎದ್ದು ನಿಲ್ಲತೊಡಗಿದವು, ಅವನು ಓಡಿ ಬಂದು ಎತ್ತಿಕೊಂಡ. 8-11. ನಾಲ್ಕನೆಯದರಲ್ಲಿ ನನ್ನ ಕಾಲು ಮಾತು ಕೇಳಲಿಲ್ಲ. 6-11.

ಐದನೆಯದರಲ್ಲಿ ನನ್ನನ್ನು ಉಳಿಸಿದ್ದು ಸರ್ವ್ ಒಂದೇ. ಬಲಗಡೆಯ ಬಾಕ್ಸಿನಲ್ಲಿ ನಿಂತು, ಚೆಂಡನ್ನು ಮುಂದಿನ ಗೋಡೆಯ ಮೇಲ್ಭಾಗಕ್ಕೆ ಮೆತ್ತಗೆ ಎತ್ತಬೇಕು. ಅದು ಕಮಾನಾಗಿ ಹಾರಿ, ಎಡಗಡೆ ಗೋಡೆಗೆ ಸವರಿಕೊಂಡು ಹಿಂದಿನ ಮೂಲೆಗೆ ಇಳಿಯಬೇಕು. ಗೋಡೆಗೆ ಅಂಟಿಕೊಂಡು ಬರುವ ಚೆಂಡಿಗೆ ರ‍್ಯಾಕೆಟ್ ಬೀಸೋದಕ್ಕೆ ಜಾಗವೇ ಇರಲ್ಲ. ಅಪಾಯ ಏನಂದ್ರೆ ಔಟಿನ ಗೆರೆ. ಮುಂದಿನ ಗೋಡೆಯಲ್ಲಿ 4.57 ಮೀಟರ್ ಎತ್ತರದಲ್ಲಿರುವ ಗೆರೆ ಪಕ್ಕದ ಗೋಡೆಯಲ್ಲಿ ಇಳಿಯುತ್ತಾ ಹಿಂದೆ ಬರೀ 2.13 ಮೀಟರಿಗೆ ಬರುತ್ತದೆ. ಬೆರಳಷ್ಟು ಮೇಲೆ ತಾಗಿದರೂ ಪಾಯಿಂಟ್ ಹೋಯಿತು. ಆ ದಿನ ಕೈ ನಡುಗಲಿಲ್ಲ, ಅಷ್ಟೇ. ಹುಡುಗನಿಗೆ ತಾಳ್ಮೆ ಇಲ್ಲ. ಮೂಲೆಗೆ ಇಳಿಯುವ ಮೊದಲೇ ಗಾಳಿಯಲ್ಲಿ ಹೊಡೆಯೋಕೆ ಹೋಗಿ ಮೂರು ಸಲ ಟಿನ್ನಿಗೆ ಬಾರಿಸಿದ. ಮುಂದಿನ ಗೋಡೆಯ ಕೆಳಗಿರುವ ತಗಡಿನ ಪಟ್ಟಿ ಅದು. ತಾಗಿದರೆ ಇಡೀ ಕ್ಲಬ್‌ಹೌಸಿಗೆ ಕೇಳಿಸುತ್ತೆ, ಯಾರನ್ನೂ ಕೇಳೋ ಅಗತ್ಯವೇ ಇಲ್ಲ. 10-9ರಲ್ಲಿ ನಾನು ಹೊಡೆದದ್ದು ಗೋಡೆ ಮತ್ತು ನೆಲ ಸೇರುವ ಸಂದಿಗೆ ಬಿದ್ದು ಉರುಳಿಹೋಯಿತು. ನಿಕ್ ಅಂತಾರೆ ಅದಕ್ಕೆ. ಬೇಕು ಅಂತ ಹೊಡೆದದ್ದಲ್ಲ, ಆದರೂ ಬೇಕು ಅಂತಲೇ ಹೊಡೆದ ಮುಖ ಮಾಡಿಕೊಂಡು ಹೊರಗೆ ಬಂದೆ.

ಇಲ್ಲಿಗೆ ನನ್ನ ಕೆಲಸ ಮುಗೀತು ಅಂತ ಅಂದುಕೊಳ್ಳಬೇಡಿ. ನಮ್ಮಂಥ ಲೀಗಿನಲ್ಲಿ ಅಂಪೈರ್‌ಗಳನ್ನು ಕರೆಸೋಕೆ ದುಡ್ಡಿಲ್ಲ. ಒಂದು ಮ್ಯಾಚ್ ಆಡಿದ ಇಬ್ಬರೇ ಮುಂದಿನ ಮ್ಯಾಚನ್ನು ನಡೆಸಿಕೊಡಬೇಕು. ಒಬ್ಬ ಮಾರ್ಕರ್, ಅವನು ಸ್ಕೋರ್ ಕೂಗಬೇಕು. ಇನ್ನೊಬ್ಬ ರೆಫರಿ, ತೀರ್ಪು ಅವನದು. ಬೆವರು ಆರುವ ಮೊದಲೇ, ಉಸಿರು ಇನ್ನೂ ಮೇಲೆ ಕೆಳಗೆ ಆಗ್ತಿರುವಾಗಲೇ, ಗ್ಯಾಲರಿ ಮೆಟ್ಟಿಲು ಹತ್ತಿ ಪ್ಯಾಡು ಪೆನ್ನು ಹಿಡಿದು ಕೂರಬೇಕು. ನನ್ನ ಪ್ರಕಾರ ಆಡೋದಕ್ಕಿಂತ ಕಷ್ಟದ ಕೆಲಸ ಅದು. ಆಡುವಾಗ ಬೈಯೋದಕ್ಕೆ ಒಬ್ಬನೇ ಇರ್ತಾನೆ, ಇಲ್ಲಿ ಇಬ್ಬರು.

ನನ್ನಿಂದ ಸೋತ ಹುಡುಗನೇ ಮಾರ್ಕರ್. ಚೆನ್ನಾಗಿ ಕಲಿತಿದ್ದ. ಸರ್ವ್ ಮಾಡುವವನ ಸ್ಕೋರ್ ಮೊದಲು ಕೂಗಬೇಕು, ಸರ್ವ್ ಕೈ ಬದಲಾದರೆ 'ಹ್ಯಾಂಡ್ ಔಟ್' ಅನ್ನಬೇಕು, ಹಾಳೆಯಲ್ಲಿ ಯಾವ ಬಾಕ್ಸಿನಿಂದ ಸರ್ವ್ ಅಂತ ಎಡ ಬಲ ಗುರುತು ಹಾಕಬೇಕು. ಎಲ್ಲಾ ಅಚ್ಚುಕಟ್ಟು. ಅಕ್ಷರವೂ ನನಗಿಂತ ದುಂಡಗೆ.

ಎರಡನೇ ಮ್ಯಾಚ್ ನಮ್ಮ ಡಾಕ್ಟ್ರದು. ಅವರ ಆಟ ನೋಡೋದಕ್ಕೆ ಚೆಂದ. ಎಡಗೋಡೆಗೆ ಸಮಾನಾಂತರವಾಗಿ ಚೆಂಡನ್ನು ಹಿಂದಕ್ಕೆ ಕಳಿಸ್ತಾನೇ ಇರ್ತಾರೆ, ಒಂದಾದ ಮೇಲೆ ಒಂದು. ತೊಂದರೆ ಏನಂದ್ರೆ, ಹೊಡೆದ ಮೇಲೆ ಅವರು ಜಾಗ ಬಿಡಲ್ಲ. ಮಂಡಿ ನೋವಿದೆ, ನಿಜ. ಹೊಡೆದು, ಅರ್ಧ ಹೆಜ್ಜೆ ಹಿಂದಿಟ್ಟು, ಕೋರ್ಟಿನ ನಡುವೆ ಬಸ್‌ಸ್ಟಾಪಿನ ಕಂಬದ ಹಾಗೆ ನಿಂತುಬಿಡ್ತಾರೆ.

ಈ ಆಟದಲ್ಲಿ ಇಬ್ಬರೂ ಒಂದೇ ಗೂಡಿನೊಳಗೆ ಇರೋದು ತಾನೇ? 9.75 ಮೀಟರ್ ಉದ್ದ, 6.4 ಮೀಟರ್ ಅಗಲ. ನಡುವೆ ನೆಟ್ ಇಲ್ಲ. ಅದಕ್ಕೇ ಅಡ್ಡಿಯ ಬಗ್ಗೆ ನಿಯಮ ಬಿಗಿಯಾಗಿದೆ. ಹೊಡೆಯುವ ಸರದಿ ಯಾರದೋ ಅವನಿಗೆ ಚೆಂಡು ಕಾಣಬೇಕು, ಚೆಂಡಿನ ಹತ್ತಿರ ನೇರ ಹೋಗೋಕೆ ದಾರಿ ಬೇಕು, ರ‍್ಯಾಕೆಟ್ ಬೀಸೋಕೆ ಜಾಗ ಬೇಕು, ಮುಂದಿನ ಗೋಡೆ ಪೂರ್ತಿ ಅವನಿಗೆ ತೆರೆದಿರಬೇಕು. ಇಲ್ಲದಿದ್ದರೆ ಅವನು ನಿಂತು 'ಲೆಟ್ ಪ್ಲೀಸ್' ಅನ್ನಬಹುದು. ಆಗ ರೆಫರಿ ಮೂರರಲ್ಲಿ ಒಂದು ಹೇಳಬೇಕು. ಲೆಟ್ ಅಂದ್ರೆ ಆ ರ‍್ಯಾಲಿ ಮತ್ತೆ ಆಡೋದು. ಸ್ಟ್ರೋಕ್ ಅಂದ್ರೆ ಕೇಳಿದವನಿಗೆ ಪಾಯಿಂಟ್. ನೋ ಲೆಟ್ ಅಂದ್ರೆ ಕೇಳಿದವನಿಗೆ ಏನೂ ಇಲ್ಲ, ಪಾಯಿಂಟ್ ಎದುರಾಳಿಗೆ.

ಡಾಕ್ಟ್ರ ಎದುರು ಆಡ್ತಿದ್ದ ಹುಡುಗ ಒಂದು ಸಲವೂ ಕೇಳಲಿಲ್ಲ.

ಮೊದಲು ನನಗೆ ಅರ್ಥ ಆಗಲಿಲ್ಲ. ಚೆಂಡು ಹಿಂದಿನ ಎಡಮೂಲೆಗೆ ಹೋಗುತ್ತೆ, ಇವನು ನೇರ ಹೋಗೋ ಬದಲು ಡಾಕ್ಟ್ರನ್ನು ಸುತ್ತು ಹಾಕಿಕೊಂಡು ಓಡ್ತಾನೆ. ಅಷ್ಟರಲ್ಲಿ ಚೆಂಡು ಎರಡನೇ ಪುಟ ಬಿದ್ದಿರುತ್ತೆ, ಪಾಯಿಂಟ್ ಹೋಯಿತು. ಎರಡು ಸಲ ರ‍್ಯಾಕೆಟ್ ಎತ್ತಿದ, ಡಾಕ್ಟ್ರ ಮೊಣಕೈ ಅಲ್ಲೇ ಇತ್ತು, ತಡೆದು ನಿಲ್ಲಿಸಿದ. ಕೇಳಿದ್ದರೆ ಅವು ಸ್ಟ್ರೋಕ್, ಎರಡನೇ ಮಾತಿಲ್ಲ. ಅವನು ಕೇಳಲಿಲ್ಲ. ಮೇಲಾಗಿ, "ಸಾರಿ ಅಂಕಲ್" ಅಂದ. ಡಾಕ್ಟ್ರು, "ಪರವಾಗಿಲ್ಲ ಪುಟ್ಟಾ" ಅಂದು ಪಾಯಿಂಟ್ ತಗೊಂಡರು. 11-8, 11-9. ಡಾಕ್ಟ್ರು ಎರಡು ಗೇಮ್ ಮುಂದೆ.

ಪಕ್ಕದಲ್ಲಿದ್ದ ಮಾರ್ಕರ್ ಹುಡುಗ ಹಲ್ಲು ಕಚ್ಚಿಕೊಂಡು ಕೂತಿದ್ದ. "ಯಾಕಪ್ಪಾ ನಿಮ್ಮವನು ಕೇಳ್ತಾ ಇಲ್ಲ?" ಅಂದೆ.

"ಅವನು ಹಾಗೇ ಅಂಕಲ್. ದೊಡ್ಡವರ ಹತ್ರ ಕೇಳೋಕೆ ಸಂಕೋಚ. ಹಾಸ್ಟೆಲಲ್ಲಿ ನಮ್ಮ ಜೊತೆ ಆಡುವಾಗ ಉಸಿರು ಬಿಟ್ಟರೂ ಲೆಟ್ ಕೇಳ್ತಾನೆ."

ಇಲ್ಲಿ ಒಂದು ಮಾತು ಹೇಳಬೇಕು. ಯಾರೂ ಕೇಳದಿದ್ದರೂ ರೆಫರಿ ತಾನೇ ಆಟ ನಿಲ್ಲಿಸಿ ತೀರ್ಪು ಕೊಡಬಹುದು. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಅಡ್ಡ ಬಂದಾಗಲೆಲ್ಲ ನಾನೇ ಮೇಲಿಂದ ಕೂಗ್ತಾ ಕೂತರೆ ಆಡುವವರು ಯಾಕೆ ಬೇಕು? ಬಿಟ್ಟುಬಿಟ್ಟರೆ ಇನ್ನೊಂದು ಭಯ. ಇವತ್ತು ಅವನು ರ‍್ಯಾಕೆಟ್ ತಡೆದ. ಆಟ ಬಿಸಿಯೇರಿದ ಮೇಲೆ ಒಂದು ಸಲ ತಡೆಯೋಕಾಗದೆ ಹೋದರೆ? ಸ್ಕ್ವಾಷ್ ಚೆಂಡು ಕಣ್ಣಿನ ಗುಳಿಗೆ ಸರಿಯಾಗಿ ಕೂರುವ ಅಳತೆಯದು. ಡಾಕ್ಟ್ರು ಕಣ್ಣು ಕಾಯುವ ಕನ್ನಡಕ ಹಾಕಿ ಆಡೋರಲ್ಲ. ಎಷ್ಟು ಸಲ ಹೇಳಿದರೂ "ಮಂಜಾಗುತ್ತೆ" ಅಂತ ತೆಗೆದಿಡ್ತಾರೆ.

ಗೇಮ್ ನಡುವಿನ ಬಿಡುವಿನಲ್ಲಿ ಹುಡುಗ ನೀರು ಕುಡಿಯೋಕೆ ಹೊರಗೆ ಬಂದ. ಗ್ಯಾಲರಿಯಿಂದ ಬಗ್ಗಿ ಹೇಳಿದೆ. "ತಂಬಿ, ಅಡ್ಡ ಬಂದ್ರೆ ಕೇಳಪ್ಪಾ. ಕೇಳೋದು ಮರ್ಯಾದೆಗೆಟ್ಟ ಕೆಲಸ ಅಲ್ಲ. ಬೀಸಿಬಿಟ್ಟರೆ ಅದು."

ಅವನು ತಲೆ ಆಡಿಸಿದ. ಮೂರನೇ ಗೇಮಿನ ಎರಡನೇ ರ‍್ಯಾಲಿಯಲ್ಲೇ ಕೈ ಎತ್ತಿದ. ದನಿ ಹೊರಗೆ ಬರಲಿಲ್ಲ, ಆದರೂ ಕೇಳಿದ. "ಸ್ಟ್ರೋಕ್" ಅಂದೆ. ಡಾಕ್ಟ್ರು ನಿಧಾನಕ್ಕೆ ತಿರುಗಿ ತಲೆ ಎತ್ತಿ ನೋಡಿದರು.

"ಏನು?"

"ಸ್ಟ್ರೋಕ್ ಡಾಕ್ಟ್ರೇ. ಮುಂದಿನ ಗೋಡೆಗೆ ದಾರಿ ಇರ್ಲಿಲ್ಲ."

"ನೀವು ಯಾವ ಟೀಮು ಸ್ವಾಮಿ?"

ಗ್ಯಾಲರಿಯಲ್ಲಿ ಎಲ್ಲರೂ ನಕ್ಕರು, ಡಾಕ್ಟ್ರು ನಗಲಿಲ್ಲ. ಅಲ್ಲಿಂದ ಆಟ ಬದಲಾಯಿತು. ಹುಡುಗ ಕೇಳೋದು ಕಲಿತ. ಕೇಳಿದ್ದೆಲ್ಲ ಕೊಡಲಿಲ್ಲ ನಾನು. ಒಂದು ಸಲ ಚೆಂಡು ಅವನಿಗೆ ಸಿಗುವ ಹಾಗೇ ಇರಲಿಲ್ಲ, ಸುಮ್ನೆ ಕೈ ಎತ್ತಿದ, "ನೋ ಲೆಟ್" ಅಂದೆ. ಮರುಮಾತಿಲ್ಲದೆ ಹೋಗಿ ನಿಂತ. ಆದರೆ ಡಾಕ್ಟ್ರು ಈಗ ಹೊಡೆದ ಮೇಲೆ ಸರಿಯಬೇಕಾಯಿತು, ಸರಿದರೆ ಮಂಡಿ, ಮಂಡಿ ಅಂದ್ರೆ ಉಸಿರು. 7-11, 9-11, 8-11. ಎರಡು ಗೇಮ್ ಮುಂದಿದ್ದ ಮ್ಯಾಚ್ ಕೈ ಬಿಟ್ಟು ಹೋಯಿತು.

ಮೂರನೆಯದು ಗೌಡ್ರು ಮತ್ತು ಆ ಹುಡುಗಿ. ಇದರ ಬಗ್ಗೆ ಜಾಸ್ತಿ ಹೇಳೋದಕ್ಕಿಲ್ಲ. ಫೆಬ್ರವರಿ 14ರ ಗುಲಾಬಿ ಆರ್ಡರುಗಳ ಕಾಲ, ಗೌಡ್ರು ಬೆಳಗಿನ ಜಾವ ನಾಲ್ಕಕ್ಕೇ ಎದ್ದು ತಾಜ್‌ಮಹಲ್ ಗುಲಾಬಿ ಕಟಾವು ಮಾಡಿಸಿ, ಕೋಲ್ಡ್ ರೂಮಿಗೆ ಸೇರಿಸಿ ಬಂದಿದ್ದರು. ಹುಡುಗಿ ಮೊದಲ ರ‍್ಯಾಲಿಯಲ್ಲೇ ಗೋಡೆ ನಡುಗುವಂತೆ "ಲೆಟ್ ಪ್ಲೀಸ್!" ಅಂದಳು. ಅವಳಿಗೆ ಯಾವ ಅಂಕಲ್ಲೂ ಲೆಕ್ಕಕ್ಕಿಲ್ಲ. ಗೌಡ್ರು ಗಾಬರಿಯಾಗಿ ಮ್ಯಾಚಿನುದ್ದಕ್ಕೂ ಅವಳಿಗೆ ಬೇಕಾದ್ದಕ್ಕಿಂತ ದುಪ್ಪಟ್ಟು ದಾರಿ ಬಿಟ್ಟರು. ನೇರ ಮೂರು ಗೇಮ್. ಆಮೇಲೆ ಕೇಳಿದಾಗ ಹೇಳಿದಳು, 2025ರ ಡಿಸೆಂಬರಿನಲ್ಲಿ ಚೆನ್ನೈನ ಮಾಲ್ ಒಂದರಲ್ಲಿ ಗಾಜಿನ ಕೋರ್ಟ್ ಹಾಕಿ ಆಡಿಸಿದ ವರ್ಲ್ಡ್ ಕಪ್ ಫೈನಲ್ ನೋಡೋಕೆ ರೈಲಿನಲ್ಲಿ ಹೋಗಿದ್ದಳಂತೆ. ಭಾರತ ಹಾಂಗ್‌ಕಾಂಗನ್ನು 3-0 ಸೋಲಿಸಿ ಮೊದಲ ಸಲ ಕಪ್ ಗೆದ್ದದ್ದು ಅಲ್ಲೇ. ಆ ಟೀಮಿನಲ್ಲಿ 39ರ ಜೋಶ್ನಾ ಚಿನ್ನಪ್ಪ ಇದ್ದರು, 17ರ ಅನಾಹತ್ ಸಿಂಗ್ ಇದ್ದಳು. ನಮ್ಮ ಗೌಡ್ರು ತಕ್ಷಣ, "ನೋಡಿ, ವಯಸ್ಸಾದವರೂ ಬೇಕು" ಅಂದರು. ಹುಡುಗಿ, "39 ವಯಸ್ಸಾ ಅಂಕಲ್?" ಅಂದಳು. ಗೌಡ್ರಿಗೆ 52.

ಮೇಷ್ಟ್ರ ಮ್ಯಾಚ್ ನೋಡೋದಕ್ಕೆ ಮಾತ್ರ ದುಡ್ಡು ಕೊಟ್ಟು ಬರಬಹುದಿತ್ತು. ಅವರಿಗೆ ಹಾಶಿಂ ಖಾನ್ ಅಂದ್ರೆ ದೇವರು. ಪೆಶಾವರದಲ್ಲಿ ಬ್ರಿಟಿಷ್ ಆಫೀಸರುಗಳ ಕ್ಲಬ್ಬಿನಲ್ಲಿ ಚೆಂಡು ಹೆಕ್ಕುವ ಹುಡುಗನಾಗಿ ಶುರುಮಾಡಿ, ಮೂವತ್ತೈದು ದಾಟಿದ ಮೇಲೆ 1951ರಲ್ಲಿ ಮೊದಲ ಸಲ ಬ್ರಿಟಿಷ್ ಓಪನ್ ಆಡಿ ಗೆದ್ದು, 1958ರೊಳಗೆ ಏಳು ಸಲ ಅದನ್ನು ಗೆದ್ದವರು. ಮೇಷ್ಟ್ರು ತರಗತಿಯಲ್ಲೂ ಈ ಕಥೆ ಹೇಳಿ ಮಕ್ಕಳಿಗೆ ಬೇಸರ ಹಿಡಿಸಿದ್ದಾರೆ ಅಂತ ಕೇಳಿದ್ದೀನಿ. ಆ ದಿನ ಅವರು ಓಡಲೇ ಇಲ್ಲ. ಎದುರಿನ ಹುಡುಗ ಬಲವಾಗಿ ಹೊಡೆದಷ್ಟೂ ಇವರು ಚೆಂಡನ್ನು ಮೇಲಕ್ಕೆ ಎತ್ತಿ ಹಿಂದಿನ ಮೂಲೆಗೆ ಬಿಡುತ್ತಾ ಹೋದರು. ಎತ್ತಿ ಬಿಟ್ಟು ಮೆಲ್ಲಗೆ ನಡೆದು ಬಂದು ಮಧ್ಯದಲ್ಲಿ ನಿಲ್ಲೋರು, ಹುಡುಗ ಹೊಡೆಯುವಾಗ ಒಂದು ಹೆಜ್ಜೆ ಪಕ್ಕಕ್ಕೆ. ಒಂದೇ ಒಂದು ಹೆಜ್ಜೆ. ಒಂದು ಲೆಟ್ಟೂ ಬರಲಿಲ್ಲ. 3-1. ಹೊರಗೆ ಬಂದಾಗ ಶರಟಿನ ಕಾಲರ್ ಕೂಡ ಒದ್ದೆಯಾಗಿರಲಿಲ್ಲ.

2-2 ಆಗಿತ್ತು. ಕ್ಯಾಪ್ಟನ್ ಮೇಲೆ ಎಲ್ಲ ಭಾರ. ಆದರೆ ಅವರ ನಂಬರ್ ಒನ್ ಹುಡುಗನ ಮಟ್ಟವೇ ಬೇರೆ, ಸಣ್ಣ ವಯಸ್ಸಿನಿಂದ ಕೋಚ್ ಇಟ್ಟು ಕಲಿತವನು. ನಮ್ಮವನು ಒಂದು ಗೇಮ್ ಕಿತ್ತುಕೊಂಡದ್ದೇ ದೊಡ್ಡದು. 1-3. ಒಟ್ಟು 2-3, ದಿನ ಅವರದು.

ಊಟ ಹಾಕೋದು ಆತಿಥೇಯ ಟೀಮಿನ ಕೆಲಸ. ಗೌಡ್ರ ಮನೆಯಿಂದ ರಾಗಿಮುದ್ದೆ, ಅವರೆಕಾಳು ಸಾರು ಬಂದಿತ್ತು. ಇಬ್ಬರು ಹುಡುಗರಿಗೆ ಮುದ್ದೆ ನುಂಗೋದು ಗೊತ್ತಿರಲಿಲ್ಲ, ಅಗಿಯೋಕೆ ಹೋಗಿ ಹಲ್ಲಿಗೆ ಅಂಟಿಸಿಕೊಂಡರು. ಡಾಕ್ಟ್ರನ್ನು ಸೋಲಿಸಿದ ಹುಡುಗ ಅವರ ತಟ್ಟೆಗೆ ತಾನೇ ಸಾರು ಬಡಿಸಿದ. ಡಾಕ್ಟ್ರು ಅವನ ಮಣಿಕಟ್ಟು ಹಿಡಿದು, ಬ್ಯಾಕ್‌ಹ್ಯಾಂಡಿನಲ್ಲಿ ಎಲ್ಲಿ ತಪ್ಪು ಮಾಡ್ತಿದ್ದಾನೆ ಅಂತ ತೋರಿಸಿಕೊಟ್ಟರು. ಅವನ ಮೇಲೆ ಸಿಟ್ಟೇ ಇರಲಿಲ್ಲ.

ಸಿಟ್ಟು ನನ್ನ ಮೇಲೆ. ಕೈ ತೊಳೆಯುವಾಗ ಪಕ್ಕಕ್ಕೆ ಬಂದರು.

"ತೀರ್ಪು ಸರಿ. ಸ್ಟ್ರೋಕ್ ಸ್ಟ್ರೋಕೇ. ಆದ್ರೆ ನೀವು ರೆಫರಿ. ಅಪಾಯ ಅನ್ನಿಸಿದ್ರೆ ನೀವೇ ನಿಲ್ಲಿಸಬೇಕಿತ್ತು, ನನ್ನನ್ನ ಕರೆದು ಹೇಳ್ಬೇಕಿತ್ತು. ಬಿಡುವಿನಲ್ಲಿ ಅವನಿಗೆ ಪಾಠ ಹೇಳಿದ್ದು ಯಾವ ನಿಯಮ?"

ಮಾತಿನಲ್ಲಿ ಹುರುಳಿತ್ತು. "ನಿಮ್ಮನ್ನ ಕರೆದು ಹೇಳಿದ್ರೆ ಸರೀತಿದ್ರಾ?" ಅಂದೆ.

"ಅದು ಬೇರೆ ವಿಷಯ" ಅಂದರು.

ಮೇಷ್ಟ್ರನ್ನು ಕೇಳಿದೆವು. ಅವರು ಎರಡೂ ಕಡೆ ತಲೆ ಆಡಿಸಿ ಕಾಫಿ ಕೇಳಿದರು. ಕ್ಯಾಪ್ಟನ್ ಡಾಕ್ಟ್ರ ಕಡೆ, ಗೌಡ್ರು ನನ್ನ ಕಡೆ. ಗೌಡ್ರು ನನ್ನ ಕಡೆ ಇರೋದು ಯಾಕೆಂದ್ರೆ ಪ್ರಾಕ್ಟೀಸಿನಲ್ಲಿ ಡಾಕ್ಟ್ರ ಹಿಂದೆ ಸಿಕ್ಕಿಹಾಕಿಕೊಂಡು ಅವರೂ ಸಾಕಷ್ಟು ಅನುಭವಿಸಿದ್ದಾರೆ.

ಮಾರ್ಚಿನಲ್ಲಿ ವಾಪಸ್ ಮ್ಯಾಚ್ ಅವರ ಕ್ಯಾಂಪಸ್ಸಿನಲ್ಲಿ. ಕ್ಯಾಪ್ಟನ್ ಆಗಲೇ ಟೀಮಿನ ಪಟ್ಟಿ ಕಳಿಸಿದ್ದಾನೆ. ಡಾಕ್ಟ್ರು ಬರ್ತೀನಿ ಅಂದಿದ್ದಾರೆ, ಎರಡು ಷರತ್ತಿನ ಮೇಲೆ. ಅವರ ಮ್ಯಾಚಿಗೆ ನಾನು ರೆಫರಿ ಆಗಬಾರದು. ಕಾರು ಮಾತ್ರ ನಾನೇ ಓಡಿಸಬೇಕು, ಅವರಿಗೆ ಮಂಡಿ ನೋವು.